ಮುಟ್ಟದೆಯೂ ಕೇಳಬೇಕು

ಶುಗರ್ ಕ್ಲಿನಿಕ್‌ನಲ್ಲಿ ನರ್ಸ್ ಆಗಿ ಸೇರಿದ ಮೊದಲ ವರ್ಷದ ಮಾತು. ಶುಗರ್‌ನಿಂದ ಕಾಲು ಮರಗಟ್ಟಿದೆಯಾ ಅಂತ ನೋಡುವ ಪರೀಕ್ಷೆ ನನ್ನ ಪಾಲಿಗೆ ಬಂದಿತ್ತು. ಕೈಯಲ್ಲಿ ಮೋನೋಫಿಲಮೆಂಟ್, ಅಂದರೆ ಗಾಳದ ದಾರದಂಥ ಒಂದು ನೈಲಾನ್ ಎಳೆ. ಪಾದಕ್ಕೆ ನೇರವಾಗಿ ಒತ್ತಿದರೆ 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. ಅದೂ ತಿಳಿಯದ ಕಾಲಿಗೆ ಕಲ್ಲು ಒತ್ತಿದರೂ ತಿಳಿಯುವುದು ಕಷ್ಟ.

ಹೊರಗೆ ಉದ್ದ ಸಾಲು. ನಾನು ಬೇಗ ಬೇಗ ಒತ್ತುತ್ತಾ “ಗೊತ್ತಾಯ್ತಾ ಅಣ್ಣಾ?” ಅನ್ನುತ್ತಿದ್ದೆ. “ಹೂಂ.” “ಈಗ?” “ಹೂಂ.” ಹೀಗೇ ಒಬ್ಬ ರೈತರ ಕಾರ್ಡಿನಲ್ಲಿ ‘ಸ್ಪರ್ಶ ಸರಿ ಇದೆ’ ಅಂತ ಬರೆದೆ. ಕಾಲಲ್ಲಿ ತೊಂದರೆ ಏನಾದರೂ ಇದೆಯಾ ಅಂದರೆ, “ನೋವೇ ಇಲ್ಲಮ್ಮ” ಅಂದರು. ಅದನ್ನು ಒಳ್ಳೇ ಸುದ್ದಿ ಅಂದುಕೊಂಡೆ ನಾನು!

ಮೂರು ತಿಂಗಳ ಮೇಲೆ ಮಾತ್ರೆಗೆ ಬಂದರು. ಬೆಂಚಿನ ಮೇಲೆ ಕೂರಿಸಿ, ಚಪ್ಪಲಿ ಬಿಡಿ ಅಂದೆ. ಎಡಗಾಲಿನ ಹವಾಯಿ ಚಪ್ಪಲಿ ಕೆಳಗೆ ಬಿತ್ತು. ಬಲಗಾಲಿನದು ಬೀಳಲಿಲ್ಲ. ಕಾಲು ಒದರಿದರು, ಆಗಲೂ ಬೀಳಲಿಲ್ಲ. ಬಗ್ಗಿ ನೋಡಿದರೆ ಜಾಲಿ ಮುಳ್ಳು ಅಟ್ಟೆಯನ್ನು ತೂರಿ ಹೆಬ್ಬೆರಳ ಬುಡಕ್ಕೆ ಹೊಕ್ಕಿದೆ. ಅವರು ಮಾತ್ರ ರಾಗಿ ರೇಟಿನ ಬಗ್ಗೆ ಮಾತಾಡುತ್ತಲೇ ಇದ್ದರು.

ಡಾಕ್ಟರು ಬೈಯಲಿಲ್ಲ. ಮುಳ್ಳು ತೆಗೆದು ಕಟ್ಟು ಹಾಕಿ, ಇನ್ನೊಂದು ಕಾಲನ್ನು ತಾವೇ ಪರೀಕ್ಷೆ ಮಾಡಿ ತೋರಿಸಿದರು. ಮೊದಲು ಎಳೆಯನ್ನು ಅವರ ಕೈಗೆ ಒತ್ತಿ, ಹೀಗೆ ಅನ್ನಿಸುತ್ತೆ ಅಂತ ತಿಳಿಸಿದರು. ಆಮೇಲೆ ಕಣ್ಣು ಮುಚ್ಚಿಸಿದರು. ಎಳೆಯನ್ನು ಗಾಳಿಯಲ್ಲೇ ಹಿಡಿದು “ಈಗ ಗೊತ್ತಾಯ್ತಾ?” ಅಂದರು. “ಹೂಂ” ಅನ್ನೋದಾ!

ಬೇಕು ಅಂತ ಯಾರೂ ಸುಳ್ಳು ಹೇಳಲ್ಲ. ಬಿಳಿ ಕೋಟಿನವರು ಕೇಳಿದರೆ ನಮ್ಮ ಜನ ಹೂಂ ಅನ್ನುತ್ತಾರೆ, ಮರ್ಯಾದೆಗೆ. ಅದಕ್ಕೇ ಒಂದೊಂದು ಜಾಗಕ್ಕೂ ಎರಡು ಸಲ ಒತ್ತಬೇಕು, ಒಂದು ಸಲ ಮುಟ್ಟದೆ ಕೇಳಬೇಕು, ಯಾವ ಜಾಗ ಅಂತಲೂ ಕೇಳಬೇಕು. ಮೂರರಲ್ಲಿ ಎರಡು ಸರಿ ಬಂದರೆ ಅಲ್ಲಿ ಸ್ಪರ್ಶ ಇದೆ. ನಾನು ಗಟ್ಟಿ ಆಣಿ ಕಟ್ಟಿದ ಕಡೆಯೂ ಒತ್ತುತ್ತಿದ್ದೆ, ಅದೂ ತಪ್ಪೇ. ಹತ್ತು ಜನಕ್ಕೆ ಬಳಸಿದ ಎಳೆಗೆ ಒಂದು ದಿನ ರೆಸ್ಟ್ ಕೊಡಬೇಕು. ನಮ್ಮ ಹತ್ತಿರ ಇದ್ದದ್ದೇ ಒಂದು.

ಅವರ ಗಾಯ ಮಾಗಲು ಎರಡು ತಿಂಗಳು ಹಿಡಿಯಿತು. ಸ್ಪರ್ಶ ಮಾತ್ರ ಹೋಗಿದ್ದರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಕಾಲು ನೋಡಿದರೆ ಸಾಕು. ಜೊತೆಗೆ ಪಾದದ ನಾಡಿ ಸಿಗದಿದ್ದರೆ, ಇಲ್ಲಾ ಬೆರಳು ಸೊಟ್ಟಗಿದ್ದರೆ, ಮೂರರಿಂದ ಆರು ತಿಂಗಳಿಗೊಮ್ಮೆ. ಒಂದು ಸಲ ಹುಣ್ಣಾಯಿತೋ, ಮಾಗಿದರೂ ಅವರು ಜಾಸ್ತಿ ಅಪಾಯದ ಪಟ್ಟಿಗೇ: ತಿಂಗಳಿಂದ ಮೂರು ತಿಂಗಳೊಳಗೆ ಬರಲೇಬೇಕು. ಈಗ ಅವರು ಎಂಸಿಆರ್ ಚಪ್ಪಲಿ ಹಾಕುತ್ತಾರೆ. ಕುಷ್ಠದಿಂದ ಕಾಲು ಮರಗಟ್ಟಿದವರಿಗೆ ಕೊಡುತ್ತಿದ್ದ ಅದೇ ಮೆತ್ತನೆ ರಬ್ಬರಿನದು.

ಮೊನ್ನೆ ಒಬ್ಬ ಅಜ್ಜಿ ಬಂದಿದ್ದರು. ಕಾಲುಂಗುರ ತೆಗೆಸೋಕೇ ಐದು ನಿಮಿಷ ಬೇಕಾಯಿತು. ಅದರ ಕೆಳಗಿನ ಚರ್ಮ ನೋಡದೆ ಬಿಡುವ ಹಾಗಿಲ್ಲ ಅಲ್ವಾ. ಕಣ್ಣು ಮುಚ್ಚಿಸಿ, ಮುಟ್ಟದೆ ಕೇಳಿದೆ, “ಈಗ ಗೊತ್ತಾಯ್ತಾ ಅಜ್ಜಿ?”

“ಎಲ್ಲೇ ಮುಟ್ಟಿದೆ? ಸುಮ್ನೆ ಆಟ ಆಡ್ತಿದೀಯಾ?” ಅಂತ ಗದರಿದರು.

ನಾಡಿ ಚೆನ್ನಾಗಿತ್ತು, ಬೆರಳೂ ನೆಟ್ಟಗಿದ್ದವು. ಕಾರ್ಡಿನಲ್ಲಿ ಮುಂದಿನ ವರ್ಷದ ತಾರೀಕು ಬರೆದುಕೊಟ್ಟೆ.