ಸೂರ್ಯ ಗುಡಿ ಕಟ್ಟಿದ್ದು ಊರಿಗೆಲ್ಲ ಕಂಡಿತ್ತು, ನನಗೊಬ್ಬನಿಗೆ ಬಿಟ್ಟು

2021ರ ಮೇ 24. ಲಾಕ್‌ಡೌನ್‌ನಲ್ಲಿದ್ದ ಬೆಂಗಳೂರು ಟೆರೇಸ್ ಹತ್ತಿ ಸೂರ್ಯನ ಸುತ್ತಲಿನ ಉಂಗುರದ ಫೋಟೋ ತೆಗೆಯುತ್ತಿತ್ತು. ಆಕಾಶ ನೋಡೋದಕ್ಕೇ ಸಂಬಳ ತಗೊಳ್ಳುವ ನಾನು ಎಸಿ ರೂಮಿನಲ್ಲಿ ಕೂತು, 11 ಗಂಟೆಯ ಮೆಟಾರ್‌ಗೆ, ಅಂದರೆ ಪೈಲಟ್‌ಗಳಿಗೆ ಹೋಗುವ ವಿಮಾನ ನಿಲ್ದಾಣದ ಹವಾಮಾನ ವರದಿಗೆ, ಬಿಕೆಎನ್ 100 ಹಾಕಿ ಕಳಿಸಿದೆ: 10,000 ಅಡಿಯಲ್ಲಿ ಅರ್ಧ ಆಕಾಶಕ್ಕಿಂತ ಹೆಚ್ಚು ಮೋಡ. ಆಲ್ಟೋಸ್ಟ್ರೇಟಸ್ ಅಂತ, ಮಧ್ಯಮ ಎತ್ತರದ ಬೂದು ಹಾಳೆಯಂಥ ಮೋಡ!

ಹಿಂದಿನ ಮೆಟಾರ್‌ನಲ್ಲೂ ಅದೇ ಇತ್ತು. ಕಿಟಕಿಯಲ್ಲಿ ಬಿಸಿಲು ಮಂಕಾಗಿತ್ತು. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದ್ದಾರೆ ಅನ್ನೋದು ತಲೆಗೇ ಹೋಗಲಿಲ್ಲ. ಮೋಡದ ಎತ್ತರ ಅಳೆಯುವ ಸೀಲೋಮೀಟರ್ ಖಾಲಿ ತೋರಿಸುತ್ತಿತ್ತು. ನಮ್ಮದು 25,000 ಅಡಿವರೆಗೆ ನೋಡುವ ಮಾಡೆಲ್ಲು, 10,000ದಲ್ಲಿ ಮೋಡ ಇದ್ದಿದ್ದರೆ ಸಿಕ್ಕೇ ಸಿಗಬೇಕಿತ್ತು ಅಲ್ವಾ? ನಾನು 'ಮತ್ತೆ ಕೆಟ್ಟಿತು ದರಿದ್ರದ್ದು' ಅಂತ ಬೈದು ಸುಮ್ಮನಾದೆ. ಪದೇ ಪದೇ ಕೆಡುತ್ತಿದ್ದದ್ದೂ ನಿಜವೇ ಅನ್ನಿ.

ಅಷ್ಟರಲ್ಲಿ ಮನೆಯಿಂದ ಅಮ್ಮನ ಫೋನು. "ಏನೋ ಅದು, ಸೂರ್ಯ ಗುಡಿ ಕಟ್ಟಿದಾನೆ, ಮಳೆ ಬರತ್ತೇನೋ?" ಉತ್ತರ ಹೇಳುವ ಮೊದಲೇ ಕಂಟ್ರೋಲ್ ಟವರ್‌ನ ಹಾಟ್‌ಲೈನ್ ಬಡಿದುಕೊಂಡಿತು. "ಸಾರ್, ಪೈಲಟ್ ಹತ್ತು ಸಾವಿರದಲ್ಲಿ ಏನೂ ಇಲ್ಲ ಅಂತಿದಾರೆ. ಯಾವ್ ಮೋಡ ಸಾರ್ ಅದು?"

ಹೊರಗೆ ಓಡಿದೆ. ಕಾಲಡಿಯಲ್ಲಿ ನನ್ನ ನೆರಳು ಕತ್ತರಿಯಲ್ಲಿ ಕತ್ತರಿಸಿಟ್ಟ ಹಾಗೆ ಬಿದ್ದಿತ್ತು. ಅದನ್ನು ನೋಡಿದ ತಕ್ಷಣ ಹೊಟ್ಟೆ ಕಲಸಿತು. ಬಿಸಿಲನ್ನು ಮಂಕು ಮಾಡುವಷ್ಟು ದಪ್ಪದ ಆಲ್ಟೋಸ್ಟ್ರೇಟಸ್‌ನಲ್ಲಿ ಇಂಥ ನೆರಳು ಎಲ್ಲಿಂದ ಬರಬೇಕು? ತೋಳು ಚಾಚಿ, ಹೆಬ್ಬೆರಳಿನಿಂದ ಸೂರ್ಯನನ್ನು ಮುಚ್ಚಿ, ಗೇಣು ಹಿಡಿದೆ. ಕಿರುಬೆರಳ ತುದಿಗೇ ಉಂಗುರ. 22 ಡಿಗ್ರಿ, ಒಳಅಂಚು ಕೆಂಪು. ಆರು ಮೂಲೆಯ ಐಸ್ ಹರಳುಗಳು ಬೆಳಕನ್ನು ಬಾಗಿಸಿದರೆ ಮಾತ್ರ ಹೀಗಾಗೋದು, ಅಂದರೆ ಸಿರೋಸ್ಟ್ರೇಟಸ್, ತುಂಬಾ ಎತ್ತರದ ತೆಳು ಐಸ್ ಮೋಡ. ನೀರಿನ ಹನಿಯ ಮೋಡ ಕಟ್ಟುವ ಬಳೆ ಚಿಕ್ಕದು, ಸೂರ್ಯನಿಗೆ ಅಂಟಿಕೊಂಡಿರತ್ತೆ, ಅದರಲ್ಲಿ ಕೆಂಪು ಹೊರಗಿರತ್ತೆ. ಅದರ ಹೆಸರು ಕರೋನಾ. ಆ ವರ್ಷ ಆ ಪದ ಎತ್ತುವ ಹಾಗೂ ಇರಲಿಲ್ಲ ಬಿಡಿ.

ಒಳಗೆ ಬಂದರೆ, ತಿದ್ದುಪಡಿ ಮೆಟಾರ್ ಹೋಗೋದಕ್ಕೆ ಇನ್‌ಚಾರ್ಜ್ ಪಾಸ್‌ವರ್ಡ್ ಬೇಕು. ಇನ್‌ಚಾರ್ಜ್ ಟೀ ಕುಡಿಯೋಕೆ ಹೋಗಿದ್ದರು. ತಪ್ಪು ಕಳಿಸೋದಕ್ಕೆ ಯಾವ ಪಾಸ್‌ವರ್ಡೂ ಬೇಡ, ಸರಿ ಮಾಡೋದಕ್ಕೆ ಬೇಕು! ಏಳು ನಿಮಿಷ ಸ್ಕ್ರೀನ್ ನೋಡುತ್ತಾ ನಿಂತೆ. ಆ ಹೊತ್ತಿಗೆ ಫ್ಯಾಮಿಲಿ ಗ್ರೂಪಿನಲ್ಲಿ ಹದಿನಾಲ್ಕು ಫೋಟೋ ಬಂದಿದ್ದವು. ಕೊನೆಗೂ ಬಿಕೆಎನ್ 250, ಅಂದರೆ 25,000 ಅಡಿಯ ಮೋಡ, ಹೋಯಿತು. ಮುಂದಿನ ಸಿನಾಪ್‌ಗೆ, ಅಂದರೆ ಹವಾಮಾನದವರ ಇನ್ನೊಂದು ವರದಿಗೆ, ಸಿ.ಎಚ್. 8 ಹಾಕಿದೆ; ಆಕಾಶ ಪೂರ್ತಿ ಮುಚ್ಚದ ಸಿರೋಸ್ಟ್ರೇಟಸ್‌ನ ಕೋಡ್ ಅದು.

ಈಗ ಹೊರಗೆ ಹೋಗದೆ ಅಬ್ಸರ್ವೇಶನ್ ಬರೆಯುವುದಿಲ್ಲ. ಮೊದಲು ನೆಲದ ಮೇಲಿನ ನೆರಳು, ಆಮೇಲೆ ಮೋಡ. ಆ ಫಿಲ್ಮ್ ಕಿತ್ತುಹಾಕಿ ಅಂತ ಅವತ್ತೇ ಬರೆದುಕೊಟ್ಟಿದ್ದೆ. 'ಪರಿಶೀಲನೆಯಲ್ಲಿದೆ' ಅಂತ ಉತ್ತರ ಬಂತು. ಫಿಲ್ಮ್ ಈಗಲೂ ಅಲ್ಲೇ ಇದೆ, ಒಂದು ಮೂಲೆಯಲ್ಲಿ ಮಾತ್ರ ಸ್ವಲ್ಪ ಕಿತ್ತಿದೆ. ಕಿತ್ತವರು ಯಾರು ಅಂತ ಕೇಳಬೇಡಿ.