ಕಾರವಾರದಿಂದ ಕೊಚ್ಚಿಗೆ ಹಾಯಿದೋಣಿಯಲ್ಲಿ: ಹೊರಡುವ ಮುಂಚಿನ ತಯಾರಿ

ಕಾರವಾರದಿಂದ ಕೊಚ್ಚಿಗೆ ಸಮುದ್ರದಲ್ಲಿ ಸುಮಾರು 320 ನಾಟಿಕಲ್ ಮೈಲಿ. ಸಣ್ಣ ಹಾಯಿದೋಣಿ 5 ನಾಟ್, ಅಂದರೆ ಗಂಟೆಗೆ 5 ನಾಟಿಕಲ್ ಮೈಲಿ ವೇಗದಲ್ಲಿ ನಿಲ್ಲದೆ ಸಾಗಿದರೂ ಎರಡೂವರೆ ದಿನಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ಗಾಳಿ ಬಿದ್ದರೆ ಇನ್ನೂ ಜಾಸ್ತಿ. ನಾವು ಗೆಳೆಯರು ಹೋಗಿ ಬಂದ ಮೇಲೆ ಎಲ್ಲರೂ ಕೇಳಿದ್ದು ದೋಣಿಯ ಬಗ್ಗೆಯೇ. ಉದ್ದ ಎಷ್ಟು, ಇಂಜಿನ್ ಯಾವುದು ಅಂತ. ರಾತ್ರಿ ಎರಡು ಗಂಟೆಗೆ ಚುಕ್ಕಾಣಿ ಯಾರ ಕೈಯಲ್ಲಿರುತ್ತದೆ ಎಂದು ಯಾರೂ ಕೇಳಲಿಲ್ಲ. ನಿಮ್ಮ ತಯಾರಿ ಅಲ್ಲಿಂದಲೇ ಶುರುವಾಗಲಿ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಮಳೆಗಾಲದ ಮಾತೇ ಬೇಡ, ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುದೋಣಿಗಳಿಗೇ ನಿಷೇಧ ಇರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಚಂಡಮಾರುತದ ಭಯ. ಚಳಿಗಾಲದಲ್ಲಿ ಬೆಳಿಗ್ಗೆ ಘಟ್ಟದ ಕಡೆಯಿಂದ ಗಾಳಿ ಬರುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಬೀಸುತ್ತದೆ. ದಕ್ಷಿಣಕ್ಕೆ ಹೋಗುವವರಿಗೆ ಅದು ಹಿಂದಿನಿಂದ ಸಿಗುವುದರಿಂದ ಪ್ರಯಾಣ ಹಗುರ.

ಮೊದಲು ದೋಣಿಯನ್ನು ನೀರಿನಿಂದ ಮೇಲೆತ್ತಿಸಿ ತಳ ನೋಡಿ. ಬಂದರಿನಲ್ಲಿ ನಿಂತ ದೋಣಿಗೆ ಚಿಪ್ಪು ಅಂಟಿಕೊಂಡಿರುತ್ತದೆ. ಕೆರೆದು ಬಣ್ಣ ಬಳಿಯದಿದ್ದರೆ ವೇಗ ಸತ್ತೇ ಹೋಗುತ್ತದೆ. ಹಾಯಿಯ ಕಂಬ ಹಿಡಿದಿರುವ ತಂತಿಗಳ ಒಂದೊಂದು ಎಳೆಯನ್ನೂ ಬಟ್ಟೆಯಿಂದ ಒರೆಸಿ. ಬಟ್ಟೆ ಸಿಕ್ಕಿಕೊಂಡರೆ ಅಲ್ಲಿ ಎಳೆ ತುಂಡಾಗಿದೆ, ಆ ತಂತಿ ಬದಲಿಸಿ. ಡೀಸೆಲ್ ಟ್ಯಾಂಕ್ ತೊಳೆಸಿ. ಅಲೆಯಲ್ಲಿ ಕುಲುಕಿದಾಗ ತಳದ ಕೊಳೆ ಎದ್ದು ಫಿಲ್ಟರ್‌ಗೆ ಸೇರುತ್ತದೆ, ಇಂಜಿನ್ ನಿಲ್ಲುತ್ತದೆ. ಹೆಚ್ಚುವರಿ ಫಿಲ್ಟರ್ ಇಟ್ಟುಕೊಳ್ಳಿ. ತಳದಲ್ಲಿ ನೀರಿನ ವಾಲ್ವ್ ಇರುವ ಪ್ರತಿ ಕಡೆಯೂ ಅದರ ಅಳತೆಯ ಮರದ ಬಿರಡೆಯನ್ನು ದಾರದಿಂದ ಕಟ್ಟಿಡಿ. ವಾಲ್ವ್ ಒಡೆದಾಗ ಬಿರಡೆ ಹುಡುಕಲು ಹೊತ್ತಿರುವುದಿಲ್ಲ.

ಆಮೇಲೆ ಜನ. ನಾಲ್ವರಿದ್ದರೆ ಇಬ್ಬಿಬ್ಬರ ಪಾಳಿ ಮಾಡಿ. ರಾತ್ರಿ ಮೂರು ತಾಸಿಗಿಂತ ಉದ್ದದ ಪಾಳಿ ಬೇಡ. ಪಾಳಿ ಮುಗಿದವರು ಮಲಗಲೇಬೇಕು. ಹರಟೆ ಹೊಡೆಯುತ್ತ ಕೂತವರು ಎರಡನೇ ರಾತ್ರಿ ಯಾವ ಕೆಲಸಕ್ಕೂ ಬರುವುದಿಲ್ಲ. ಕತ್ತಲಾದ ಮೇಲೆ ಯಾರೇ ಮೇಲೆ ಬಂದರೂ ಲೈಫ್ ಜಾಕೆಟ್ ಹಾಕಿ, ಬೆಲ್ಟ್‌ನ ಹಗ್ಗವನ್ನು ದೋಣಿಗೆ ಸಿಕ್ಕಿಸಿಕೊಳ್ಳಬೇಕು. ಇದರಲ್ಲಿ ಗೆಳೆತನದ ರಿಯಾಯಿತಿ ಇಲ್ಲ.

ಇದನ್ನೆಲ್ಲ ಊರ ಹತ್ತಿರವೇ ಒಂದು ಪೂರ್ತಿ ರಾತ್ರಿ ಮಾಡಿ ನೋಡಿ. ಕಾರವಾರದ ಬೈತಖೋಲ ಬಂದರಿನಿಂದ ಸಂಜೆ ಹೊರಟು ಕೂರ್ಮಗಡ, ದೇವಗಡ ದ್ವೀಪಗಳ ಆಚೆ ಸುತ್ತಿ ಬನ್ನಿ. ದೇವಗಡದ ದೀಪಸ್ತಂಭ ಕಣ್ಣಿಗೆ ಬೀಳುತ್ತಿರುತ್ತದೆ, ಧೈರ್ಯ ಇರುತ್ತದೆ. ಅರ್ಗಾ, ಅಂಜದೀವ್ ಕಡೆ ಮಾತ್ರ ಹೋಗಬೇಡಿ, ಅದು ನೌಕಾಪಡೆಯ ಜಾಗ. ಕತ್ತಲಲ್ಲಿ ಹಾಯಿ ಕಿರಿದು ಮಾಡುವುದು, ಅಡುಗೆ, ನಿದ್ದೆ ಎಲ್ಲ ಆಗಲಿ. ಯಾರಿಗೆ ವಾಂತಿ ಬರುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮಾತ್ರೆಯನ್ನು ಡಾಕ್ಟರನ್ನು ಕೇಳಿಕೊಂಡು ಹೊರಡುವ ಮೊದಲೇ ತಗೊಳ್ಳಿ. ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ.

ನೀರು ದಿನಕ್ಕೆ ತಲೆಗೆ 4 ಲೀಟರ್ ಲೆಕ್ಕ ಹಾಕಿ, ಅದರ ಎರಡು ಪಟ್ಟು ತುಂಬಿ. ಒಂದೇ ಟ್ಯಾಂಕ್‌ನಲ್ಲಿ ಬೇಡ, ಕ್ಯಾನ್‌ಗಳಲ್ಲಿ ಹಂಚಿಡಿ. ಊಟಕ್ಕೆ ಅವಲಕ್ಕಿ, ಗಂಜಿ, ಬಾಳೆಹಣ್ಣು, ಮುರುಗಲ ಹಣ್ಣಿನ ಶರಬತ್ತು ಸಾಕು. ಶಿರಸಿಯ ಗೆಳೆಯ ತಂದ ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದಿದ್ದರೆ ಮೂರನೇ ದಿನದ ಗಂಜಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಬಿಡಿ.

ದೋಣಿಯ ಕಾಗದ, ಎಲ್ಲರ ಗುರುತಿನ ಚೀಟಿ, ಹೋಗುವ ದಾರಿಯ ವಿವರ ಬಂದರು ಕಚೇರಿಗೂ ಕರಾವಳಿ ಪೊಲೀಸರಿಗೂ ಕೊಡಿ. ದೋಣಿಯ ವಿಎಚ್‌ಎಫ್ ರೇಡಿಯೋ 16ನೇ ಚಾನೆಲ್‌ನಲ್ಲಿರಲಿ, ಅಪಾಯದಲ್ಲಿ ಸಹಾಯ ಕೇಳುವ ಚಾನೆಲ್ ಅದು. ಕೋಸ್ಟ್ ಗಾರ್ಡ್ ಸಂಖ್ಯೆ 1554, ಆದರೆ ದೂರ ಹೋದರೆ ಮೊಬೈಲ್ ಸಿಗ್ನಲ್ ಇರುವುದಿಲ್ಲ.

ದಾರಿಯಲ್ಲಿ ನಿಜವಾದ ಕಾಟ ಬಲೆಗಳದ್ದು. ರಾತ್ರಿ ತೇಲುಬಲೆ ಕಾಣುವುದೇ ಇಲ್ಲ, ಪ್ರೊಪೆಲರ್‌ಗೆ ಸುತ್ತಿಕೊಂಡರೆ ಮುಗಿಯಿತು. ಬಲೆ ಕತ್ತರಿಸಲು ಗರಗಸದಂಥ ಹಲ್ಲಿರುವ ಚೂರಿಯನ್ನು ಕೈಗೆ ಸಿಗುವಂತೆ ಕಟ್ಟಿಡಿ. ಹವೆ ಕೆಟ್ಟಿತೆಂದು ತದಡಿ, ಹೊನ್ನಾವರದ ಅಳಿವೆಗೆ ನುಗ್ಗಬೇಡಿ. ಅಳಿವೆಯ ಬಾಯಲ್ಲಿ ಮರಳ ದಿಬ್ಬ ಇರುತ್ತದೆ, ಅಲೆ ಅಲ್ಲೇ ಒಡೆಯುತ್ತದೆ. ಉಬ್ಬರ ಇದ್ದು, ಜಾಗ ಬಲ್ಲ ಸ್ಥಳೀಯರು ಜೊತೆಗಿದ್ದರೆ ಮಾತ್ರ ಒಳಗೆ ಹೋಗಿ. ಇಲ್ಲದಿದ್ದರೆ ದಡದಿಂದ ದೂರ ಇರುವುದೇ ಕ್ಷೇಮ.

ಕೊಚ್ಚಿಯ ಬೋಳ್ಗಾಟ್ಟಿಯಲ್ಲಿ ಮರೀನಾ ಇದೆ. ಜಾಗ ಮೊದಲೇ ಕೇಳಿಟ್ಟುಕೊಳ್ಳಿ. ವಾಪಸ್ ಬರುವಾಗ ಅದೇ ವಾಯವ್ಯ ಗಾಳಿ ಮುಖಕ್ಕೇ ಹೊಡೆಯುತ್ತದೆ, ಹೋದದ್ದಕ್ಕಿಂತ ಎಷ್ಟೋ ಹೆಚ್ಚು ದಿನ ಹಿಡಿಯಬಹುದು. ರಜೆ ಕಡಿಮೆ ಇರುವವರು ದೋಣಿಯನ್ನು ಅಲ್ಲೇ ಬಿಟ್ಟು ಕೊಂಕಣ ರೈಲಿನಲ್ಲಿ ಕಾರವಾರಕ್ಕೆ ಬನ್ನಿ.