ಸೇ, ಟೆಲ್ ಎರಡೂ ‘ಹೇಳೋದೇ’ ಅಲ್ವಾ ಅನ್ನೋರಿಗೆ

ಅಲ್ಲ. ಇಷ್ಟು ಸಾಕು ಅನ್ನೋರು ಇಲ್ಲಿಗೇ ನಿಲ್ಸಿ.

ಮಂಡ್ಯದಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸೋನಿಗೆ ಕಟಿಂಗ್ ಶಾಪಲ್ಲಿ ಕೂತ್ರೂ ಬಿಡುವಿಲ್ಲ. ಪ್ರಶ್ನೆ ಕೇಳೋದು ತಪ್ಪಲ್ಲ ಬಿಡಿ, ಕೇಳೋ ಧಾಟಿ ನೋಡಿ, “ಎರಡೂ ಒಂದೇ ತಾನೆ ಸಾರ್, ಸುಮ್ನೆ ಕನ್‌ಫ್ಯೂಸ್ ಮಾಡ್ತಾರೆ” ಅಂತ, ನಾನೇ ಫೀಸಿನ ಆಸೆಗೆ ಒಂದನ್ನ ಎರಡು ಮಾಡಿಟ್ಟಿರೋ ಹಂಗೆ.

ಮೊನ್ನೆ ಒಂದು ಬೀಗರೂಟದಲ್ಲಿ ಪಕ್ಕದೆಲೆಯವರು ಮುದ್ದೆ ಮುರೀತಾ ಮುರೀತಾನೇ “ಮೇಷ್ಟ್ರೇ, ಒಂದೇ ಲೈನಲ್ಲಿ ಹೇಳ್ಬುಡಿ, ನಮ್ ಹುಡುಗನ್ಗೆ ನಾಳೆ ಇಂಟರ್‌ವ್ಯೂ ಅದೆ” ಅಂದ್ರು. ಮುದ್ದೆ ಬಿಸಿ ಇದ್ದಾಗ್ಲೇ ನುಂಗ್ಬೇಕು, ಗ್ರಾಮರ್‌ಗೆ ಅದಾ ಹೊತ್ತು? ಆದ್ರೂ ನನ್ನ ಬಾಯಿ ಸುಮ್ನಿರಲ್ಲ. “ಅಣ್ಣಾ, ಆಗ್ಲೇ ಸಾರು ಚೆನ್ನಾಗದೆ ಅಂದ್ರಲ್ಲ, ಅದು ಸೇ. ಈಗ ಆ ಬಡಿಸೋ ಹುಡುಗನ್ಗೆ ಇನ್ನೊಂದ್ ಸೌಟು ಹಾಕೋಕೆ ಹೇಳಿ, ಅದು ಟೆಲ್” ಅಂದೆ. ಹೇಳಿದ್ರು, ಸಾರೂ ಬಂತು, ನನ್ನೆಲೆಗೆ ಬಿತ್ತು.

ನಮ್ಮಲ್ಲೂ ‘ಅನ್ನು’, ‘ಹೇಳು’ ಅಂತ ಎರಡಿವೆ ಕಣ್ರೀ. ‘ಅಂದ’ ಅನ್ನುವಾಗ ಆಡಿದ ಮಾತು ಮುಖ್ಯ, ‘ಹೇಳ್ದ’ ಅನ್ನೋಕೆ ಎದುರಿಗೊಂದು ಕಿವಿ ಬೇಕು. ಅದಕ್ಕೇ ಟೆಲ್ ಮೀ, ಟೆಲ್ ಹಿಮ್. ಸೇ ಮೀ ಅನ್ನಂಗಿಲ್ಲ, ನಡುವೆ ಒಂದು ‘ಟು’ ಬೇಕು. ಸುಳ್ಳು, ನಿಜ, ಕಥೆಗೆಲ್ಲ ಟೆಲ್ಲೇ, ನಾವೂ ಸುಳ್ಳು ‘ಹೇಳ್ತೀವಿ’ ತಾನೆ? ಆದ್ರೆ ಥ್ಯಾಂಕ್ಸು, ಸಾರಿ ಬಂದಾಗ ಈ ಲೆಕ್ಕ ಕೈ ಕೊಡುತ್ತೆ, ಅಲ್ಲಿ ಸೇ, ಬಾಯಿಪಾಠ ಮಾಡ್ಕೊಳ್ಳಿ. ಅಂದಹಾಗೆ ಟೆಲ್‌ಗೆ ಹಿಂದೆ ‘ಎಣಿಸು’ ಅನ್ನೋ ಅರ್ಥಾನೂ ಇತ್ತು, ಬ್ಯಾಂಕಲ್ಲಿ ದುಡ್ಡು ಎಣಿಸೋರು ಟೆಲ್ಲರ್ ಆಗಿದ್ದು ಹಂಗೇ, ಎಟಿಎಂನ ನಡುವಿನ ‘ಟಿ’ ಅದೇ ಟೆಲ್ಲರು.

ಆದ್ರೆ ‘ಅಂತೆ’ಗೆ ಇಂಗ್ಲಿಷಲ್ಲಿ ಏನು ಅಂತ ಒಬ್ರಾದ್ರೂ ಕೇಳ್ಬಾರ್ದಾ? “ಕೆಆರ್‌ಎಸ್ 124.80 ಅಡಿ ಮುಟ್ತಂತೆ” ಅಂದ್ರೆ ಡ್ಯಾಮ್ ಫುಲ್ಲು, ಆದ್ರೆ ನಾನು ನೋಡಿಲ್ಲ, ಯಾರೋ ಅಂದ್ರು, ಸುಳ್ಳಾದ್ರೆ ನನ್ನ ಹಿಡ್ಕೋಬೇಡಿ, ಇಷ್ಟೂ ಆ ‘ಅಂತೆ’ ಒಳಗೇ ಇದೆ. ಇಂಗ್ಲಿಷಿನವರು ಇದಕ್ಕೆ ‘ದೇ ಸೇ’ ಅಂತ ಸೇ ಹತ್ರಾನೂ ಹೋಗ್ತಾರೆ, ‘ಐ ಆಮ್ ಟೋಲ್ಡ್’ ಅಂತ ಟೆಲ್ ಹತ್ರಾನೂ ಹೋಗ್ತಾರೆ. ನಮ್ಮೋರು ಎರಡನ್ನೂ ಬಿಟ್ಟು “ಡ್ಯಾಮ್ ಈಸ್ ಫುಲ್ ಇಟ್ ಸೀಮ್ಸ್” ಅಂತಾರೆ, ಅದನ್ನ ಆಡ್ಕೊಂಡು ನಗೋರಿಗೇನೂ ಕಮ್ಮಿ ಇಲ್ಲ. ಇಂಗ್ಲಿಷ್ ಕಿವಿಗೆ ಅದು ಇವನದೇ ಊಹೆ ಅನ್ನೋ ಹಂಗೆ ಕೇಳ್ಸುತ್ತೆ, ನಿಜ. ಆದ್ರೂ ಕ್ಲಾಸಲ್ಲಿ ನಾನದನ್ನ ತಿದ್ದಲ್ಲ, ಊರೆಲ್ಲ ಅರ್ಥ ಆಗೋ ಮಾತನ್ನ ಯಾಕೆ ತಿದ್ಲಿ? ಇಂಟರ್‌ವ್ಯೂಗೆ ಹೋಗೋರಿಗೆ ಮಾತ್ರ ಅವತ್ತೊಂದಿನ ‘ಐ ಹರ್ಡ್’ ಅನ್ನಿ ಅಂತೀನಿ, ಕೆಲ್ಸ ಸಿಕ್ಕಿದ್ಮೇಲೆ ಏನ್ ಬೇಕಾದ್ರೂ ಅಂದ್ಕೊಳ್ಲಿ.